ಆಷಾಢದ ರಿಯಾಯಿತಿ: ಕೊಳ್ಳುವವರ ಎಚ್ಚರ, ಮಾರುವವರ ಕಾಯಕ

ಕಾರಹುಣ್ಣಿಮೆ ಕಳೆದು, ಮಣ್ಣೆತ್ತಿನ ಅಮಾವಾಸ್ಯೆಯೂ ಮುಗಿದು ಆಷಾಢ ಕಾಲಿಡುತ್ತಿದ್ದಂತೆ ನಮ್ಮ ನಾಡಿನ ಪೇಟೆಬೀದಿಗಳ ಬಣ್ಣವೇ ಬದಲಾಗುತ್ತದೆ. ಹುಬ್ಬಳ್ಳಿ, ಗದಗ, ದಾವಣಗೆರೆ, ಕಲಬುರಗಿ, ಬೆಂಗಳೂರು, ಯಾವ ಊರಿಗೆ ಹೋದರೂ ಜವಳಿ ಅಂಗಡಿಗಳ ನೆತ್ತಿಯ ಮೇಲೆ ದೊಡ್ಡ ಅಕ್ಷರಗಳ ಫಲಕಗಳು ತೂಗುತ್ತಿರುತ್ತವೆ. ಶೇಕಡಾ 50 ರಿಯಾಯಿತಿ, ಶೇಕಡಾ 70ರ ವರೆಗೆ ರಿಯಾಯಿತಿ, ಒಂದು ಕೊಂಡರೆ ಒಂದು ಉಚಿತ, ಇಂದೇ ಕೊನೆಯ ದಿನ ಎಂಬ ಘೋಷಣೆಗಳು ದಾರಿಹೋಕರನ್ನು ಕೈಹಿಡಿದು ಒಳಗೆ ಕರೆಯುತ್ತವೆ. ಮನೆಯಲ್ಲಿ ಕುಳಿತವರನ್ನೂ ಈ ಕರೆ ಬಿಡುವುದಿಲ್ಲ. ಪತ್ರಿಕೆಯ ಮುಖಪುಟದಲ್ಲಿ, ದೂರದರ್ಶನದ ಪರದೆಯಲ್ಲಿ, ಅಂಗೈಯಲ್ಲಿರುವ ಮೊಬೈಲಿನಲ್ಲಿ ಅದೇ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ.

ರಿಯಾಯಿತಿಯಲ್ಲಿ ಕೊಳ್ಳುವುದು ತಪ್ಪೆಂದು ನಾವು ಹೇಳಲು ಹೊರಟಿಲ್ಲ. ಬೆವರಿನ ದುಡ್ಡಿಗೆ ಒಳ್ಳೆಯ ಸರಕು ಕಡಿಮೆ ಬೆಲೆಗೆ ದೊರೆತರೆ ಅದು ಗೃಹಸ್ಥನಿಗೆ ಹಿತವೇ ಆಗಿದೆ. ಆದರೆ ಮೂಲಭೂತವಾದ ಒಂದು ಮಾತನ್ನು ಸಹೃದಯ ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ರಿಯಾಯಿತಿಯೆಂಬುದು ಒಂದು ಬೆಲೆಯಲ್ಲ. ಅದು ಎರಡು ಬೆಲೆಗಳ ನಡುವಣ ಅಂತರ. ಮೊದಲಿನ ಬೆಲೆ ನಿಜವಾಗಿದ್ದರೆ ಮಾತ್ರ ಅಂತರವೂ ನಿಜವಾಗುತ್ತದೆ. ಯಾರೂ ಎಂದೂ ಕೊಡದಿದ್ದ ಬೆಲೆಯೊಂದನ್ನು ಚೀಟಿಯ ಮೇಲೆ ಬರೆದು, ಅದರ ಮೇಲೊಂದು ಗೆರೆಯೆಳೆದು, ಕೆಳಗೆ ಅರ್ಧ ಬೆಲೆ ಬರೆದರೆ, ಅಲ್ಲಿ ರಿಯಾಯಿತಿ ಇಲ್ಲ. ಬರೆಹ ಮಾತ್ರ ಇದೆ.

ಆಷಾಢಕ್ಕೂ ಅಂಗಡಿಗೂ ಇರುವ ನಂಟು

ಆಷಾಢದಲ್ಲಿಯೇ ಈ ಮಾರಾಟದ ಭರಾಟೆ ಏಕೆ ಎಂಬುದಕ್ಕೆ ಕಾರಣಗಳಿವೆ. ಈ ಮಾಸದಲ್ಲಿ ಮದುವೆ ಮುಂತಾದ ಮಂಗಳ ಕಾರ್ಯಗಳನ್ನು ಮಾಡಬಾರದೆಂಬ ನಂಬಿಕೆ ನಾಡಿನಲ್ಲಿ ಬೇರೂರಿದೆ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ತೆರಳುವರು. ಅದೇ ವೇಳೆಗೆ ರೈತನ ಕೈಯಲ್ಲಿದ್ದ ಹಣ ಬೀಜ, ಗೊಬ್ಬರ, ಬಿತ್ತನೆಗಳಿಗೆ ಹೋಗಿರುತ್ತದೆ. ಹೀಗಾಗಿ ಜವಳಿ ಅಂಗಡಿಗಳಲ್ಲಿ ಗಿರಾಕಿಗಳು ವಿರಳರಾಗುತ್ತಾರೆ. ಇತ್ತ ಶ್ರಾವಣದ ಹಬ್ಬಗಳಿಗೆ, ಮುಂದಿನ ದಸರೆ ದೀಪಾವಳಿಗಳಿಗೆ ಹೊಸ ಸರಕು ಬರಬೇಕಾಗಿರುತ್ತದೆ. ಅದಕ್ಕೆ ಕಪಾಟು ಖಾಲಿಯಾಗಬೇಕು, ಕೈಗೆ ನಗದು ಬರಬೇಕು. ಆದುದರಿಂದ ವ್ಯಾಪಾರಿಯು ಉಳಿದ ಹಳೆಯ ಸರಕನ್ನು ಕಡಿಮೆ ಲಾಭಕ್ಕೆ, ಕೆಲವೊಮ್ಮೆ ಅಸಲಿಗೆ, ಮಾರಿಬಿಡುತ್ತಾನೆ. ಇದು ಪ್ರಾಮಾಣಿಕವಾದ ರಿಯಾಯಿತಿ. ಇದರಿಂದ ಇಬ್ಬರಿಗೂ ಉಪಕಾರವುಂಟು.

ದಿನ ತಿಥಿಗಳಲ್ಲಿ ಶುಭಾಶುಭಗಳನ್ನು ಎಣಿಸುವುದನ್ನು ಶರಣರು ಒಪ್ಪಲಿಲ್ಲವೆಂಬುದು ನಮ್ಮ ಮನೆಮನೆಗೂ ತಿಳಿದ ಸಂಗತಿ. ಆದರೆ ಲೋಕವು ಅಶುಭವೆಂದು ದೂರವಿಟ್ಟ ತಿಂಗಳನ್ನೇ ಪೇಟೆಯು ತನ್ನ ಶುಭಮುಹೂರ್ತವನ್ನಾಗಿ ಮಾಡಿಕೊಂಡಿರುವುದು ವಿಚಿತ್ರವೇ ಸರಿ. ಹಿಂದೆ ಉಳಿದ ಸರಕನ್ನು ತೀರಿಸುವ ಉಪಾಯವಾಗಿದ್ದುದು ಈಗ ಸ್ವತಂತ್ರವಾದ ಒಂದು ವ್ಯಾಪಾರವಾಗಿಬಿಟ್ಟಿದೆ. ಉಳಿದ ಸರಕು ಸಾಲದೆ ಮಾರಾಟ ಮೇಳಕ್ಕೆಂದೇ ತಯಾರಿಸಿದ ಅಗ್ಗದ ಸರಕನ್ನು ತರಿಸಿ, ಅದಕ್ಕೆ ಮೇಲುಬೆಲೆಯ ಚೀಟಿ ಅಂಟಿಸಿ, ರಿಯಾಯಿತಿಯ ಹೆಸರಿನಲ್ಲಿ ಪೂರ್ಣ ಲಾಭಕ್ಕೆ ಮಾರುವವರೂ ಇದ್ದಾರೆ. ಎಚ್ಚರ ಬೇಕಾದುದು ಇಲ್ಲಿ.

ಗೆರೆಯೆಳೆದ ಬೆಲೆ

ಕಳೆದ ವರ್ಷ ನಮ್ಮ ಪರಿಚಯದ ಮನೆಯೊಂದರಲ್ಲಿ ಶ್ರಾವಣದ ಲಗ್ನಕ್ಕೆ ಆಷಾಢದಲ್ಲಿಯೇ ಜವಳಿ ತಂದಿದ್ದರು. ನಾವು ಹೋದಾಗ ಮನೆಯ ಸೊಸೆ ಸಂತೋಷದಿಂದ ಸೀರೆಗಳನ್ನು ಹರವಿ, “ಶಾಸ್ತ್ರಿಗಳ, ಎಂಟು ಸಾವಿರದ ಸೀರಿ ನಾಕು ಸಾವಿರಕ್ಕ ಬಂದಾವ್ರೀ. ಏಳು ತಗೊಂಡ್ವಿ. ಇಪ್ಪತ್ತೆಂಟು ಸಾವಿರ ಉಳೀತು” ಎಂದಳು. ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತದೆ, “ಉಳಿದ ಇಪ್ಪತ್ತೆಂಟು ಸಾವಿರ ಎಲ್ಲೈತಿ, ತಂದು ತೋರಸವ್ವಾ” ಎಂದರು. ಎಲ್ಲರೂ ನಕ್ಕರು. ಆದರೆ ಆ ಮಾತು ನಗೆಮಾತಾಗಿರಲಿಲ್ಲ.

ಆಯೇರಿಗೆಂದು ಆ ಮನೆಗೆ ಬೇಕಾಗಿದ್ದುದು ಮೂರು ಸೀರೆಗಳು. ಅದೇ ಅಂಗಡಿಯಲ್ಲಿ ಅದೇ ಬಗೆಯ ಸೀರೆಯನ್ನು ಪಕ್ಕದ ಮನೆಯವರು ಚೈತ್ರದಲ್ಲಿ 4,200 ರೂಪಾಯಿಗೆ ತಂದಿದ್ದರು. ಬಿಲ್ಲು ಅವರ ಪೆಟ್ಟಿಗೆಯಲ್ಲಿತ್ತು. ಅಂದಮೇಲೆ 8,000 ರೂಪಾಯಿ ಎಂಬುದು ಚೀಟಿಯ ಮೇಲಿನ ಬೆಲೆಯೇ ಹೊರತು ಅಂಗಡಿಯು ಮಾರುತ್ತಿದ್ದ ಬೆಲೆಯಲ್ಲ. ನಿಜವಾಗಿ ಉಳಿದುದು ಸೀರೆಗೆ 200 ರೂಪಾಯಿ. ಬೇಕಾಗಿದ್ದ ಮೂರು ಸೀರೆಗಳಿಗೆ 600 ರೂಪಾಯಿ. ಬೇಡವಾಗಿದ್ದ ನಾಲ್ಕು ಸೀರೆಗಳಿಗೆ ಹೋದುದು 16,000 ರೂಪಾಯಿ. ಆ ಹಣವನ್ನು ಸ್ವಸಹಾಯ ಸಂಘದ ಸಾಲದಿಂದ ತಂದಿದ್ದರು. ಮುಂದಿನ ತಿಂಗಳು ಮಗನ ಕಾಲೇಜಿನ ಶುಲ್ಕ ಕಟ್ಟುವಾಗ ಆ ಮನೆಯವರು ಪಟ್ಟ ಕಷ್ಟವನ್ನು ನಾವು ಕಂಡಿದ್ದೇವೆ. ರಿಯಾಯಿತಿಯೆಂಬುದು ಕುಟುಂಬದ ಬುಡಕ್ಕೆ ಹೇಗೆ ಬರುತ್ತದೆಂಬುದಕ್ಕೆ ಇಷ್ಟು ಸಾಕು.

ಇದರಲ್ಲಿ ಆ ಸೊಸೆಯನ್ನು ಹಳಿಯಬೇಕಾದುದೇನೂ ಇಲ್ಲ. ಮನುಷ್ಯನ ಮನಸ್ಸೇ ಹಾಗಿದೆ. ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಪ್ರಯೋಗವನ್ನು ವರ್ಣಿಸಿದ್ದಾರೆ. ಅಂಕಿಗಳುಳ್ಳ ಚಕ್ರವೊಂದನ್ನು ಜನರ ಮುಂದೆ ತಿರುಗಿಸಿದರು. ಅದು ಕೆಲವರಿಗೆ 10ರಲ್ಲಿಯೂ ಕೆಲವರಿಗೆ 65ರಲ್ಲಿಯೂ ನಿಲ್ಲುವಂತೆ ಮಾಡಿದ್ದರು. ಬಳಿಕ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳಲ್ಲಿ ಆಫ್ರಿಕದವು ಶೇಕಡಾ ಎಷ್ಟು ಎಂದು ಕೇಳಿದರು. ಚಕ್ರಕ್ಕೂ ಪ್ರಶ್ನೆಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ 10ನ್ನು ಕಂಡವರ ಉತ್ತರ ಶೇಕಡಾ 25ರ ಸುತ್ತಲೂ, 65ನ್ನು ಕಂಡವರ ಉತ್ತರ ಶೇಕಡಾ 45ರ ಸುತ್ತಲೂ ಇತ್ತು. ಕಣ್ಣಿಗೆ ಮೊದಲು ಬಿದ್ದ ಅಂಕಿಯು ಮನಸ್ಸಿಗೆ ಗೂಟವಾಗುತ್ತದೆ. ಮನಸ್ಸು ಹಗ್ಗದಲ್ಲಿ ಕಟ್ಟಿದ ಕರುವಿನಂತೆ ಅದರ ಸುತ್ತಲೇ ಸುತ್ತುತ್ತದೆ. ಚೀಟಿಯ ಮೇಲೆ ಗೆರೆಯೆಳೆದ 8,000 ರೂಪಾಯಿ ಮಾಡುವ ಕೆಲಸವೂ ಇದೇ.

ಹಾಗಾದರೆ ಸರಕಿನ ಮೇಲೆ ಮುದ್ರಿಸಿದ ಗರಿಷ್ಠ ಚಿಲ್ಲರೆ ಬೆಲೆಯಾದರೂ ನಿಜವಲ್ಲವೇ ಎಂದು ಕೆಲವರು ಕೇಳಬಹುದು. ಎಂ.ಆರ್.ಪಿ. ಎಂದು ನಾವೆಲ್ಲ ಕರೆಯುವ ಈ ಬೆಲೆಯನ್ನು ಸರಕಾರ ನಿಗದಿಮಾಡುತ್ತದೆಂಬ ತಪ್ಪು ತಿಳಿವಳಿಕೆ ಬಹುಮಂದಿಯಲ್ಲಿದೆ. ಸರಕಾರವು ಬೆಲೆ ಕಟ್ಟಿರುವ ಕೆಲವು ಔಷಧಗಳಂಥವನ್ನು ಬಿಟ್ಟರೆ, ಈ ಬೆಲೆಯನ್ನು ಬರೆಯುವವನು ತಯಾರಕನೇ ಅಥವಾ ಆಮದು ಮಾಡಿಕೊಂಡವನೇ. ಎಲ್ಲ ತೆರಿಗೆಗಳೂ ಅದರಲ್ಲಿ ಅಡಕವಾಗಿರಬೇಕು, ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂದಷ್ಟೇ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವೂ ಅದರಡಿಯ 2011ರ ನಿಯಮಗಳೂ ಹೇಳುತ್ತವೆ. ಅದು ಮೇಲಿನ ಮಿತಿಯೇ ಹೊರತು ನ್ಯಾಯವಾದ ಬೆಲೆಯ ಮುದ್ರೆಯಲ್ಲ. ಮಿತಿಯನ್ನು ಬೇಕಾದಷ್ಟು ಎತ್ತರಕ್ಕೆ ಏರಿಸಿಟ್ಟು ಅಲ್ಲಿಂದ ಇಳಿಸಿ ತೋರಿಸುವುದು ಸುಲಭ.

ಶೇಕಡಾವಾರಿನ ಕೈಚಳಕ

ಶಾಲೆಯಲ್ಲಿ ಕಲಿತ ಶೇಕಡಾವಾರು ಲೆಕ್ಕವನ್ನು ಅಂಗಡಿಯ ಬಾಗಿಲಲ್ಲಿ ಮರೆಯಬಾರದು. ಒಂದೊಂದನ್ನಾಗಿ ನೋಡೋಣ.

ಶೇಕಡಾ 50ರ ಮೇಲೆ ಮತ್ತೆ ಶೇಕಡಾ 20 ಎಂದು ಫಲಕದಲ್ಲಿ ಬರೆದಿದ್ದರೆ ಅದು ಶೇಕಡಾ 70 ಅಲ್ಲ. 1,000 ರೂಪಾಯಿಯ ಸರಕಿಗೆ ಮೊದಲು 500 ಇಳಿಯಿತು. ಉಳಿದ 500ರಲ್ಲಿ ಶೇಕಡಾ 20 ಎಂದರೆ 100 ಇಳಿಯಿತು. ಕೊಡಬೇಕಾದುದು 400, ರಿಯಾಯಿತಿ ಶೇಕಡಾ 60.

ಎರಡು ಕೊಂಡರೆ ಒಂದು ಉಚಿತ ಎಂದರೆ ಮೂರು ಸರಕಿಗೆ ಎರಡರ ಬೆಲೆ. ಅದು ಮೂರನೆಯ ಒಂದು ಭಾಗದ ರಿಯಾಯಿತಿ, ಶೇಕಡಾ 33ರಷ್ಟು. ಅದೂ ಮೂರು ಬೇಕಾಗಿದ್ದರೆ ಮಾತ್ರ. ಒಂದೇ ಬೇಕಾಗಿದ್ದವನಿಗೆ ಅದು ರಿಯಾಯಿತಿಯೇ ಅಲ್ಲ, ಇಮ್ಮಡಿ ಖರ್ಚು.

3,000 ರೂಪಾಯಿಗೆ ಕೊಂಡರೆ 500 ರೂಪಾಯಿಯ ಕೂಪನ್ ಎಂದು ಕೊಡುತ್ತಾರೆ. ಕೂಪನ್ನನ್ನು ಇನ್ನೊಮ್ಮೆ ಬಂದು 2,500 ರೂಪಾಯಿಯ ಸರಕು ಕೊಂಡಾಗ ಮಾತ್ರ ಉಪಯೋಗಿಸಬಹುದೆಂದು ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಲೆಕ್ಕ ಹಾಕಿದರೆ 5,500 ರೂಪಾಯಿಯ ಸರಕಿಗೆ 5,000 ಕೊಟ್ಟಂತಾಯಿತು. ಉಳಿದುದು ಶೇಕಡಾ 9ರಷ್ಟು. ಎರಡನೆಯ ಬಾರಿ ಅಂಗಡಿಗೆ ಬರಲೇಬೇಕಾದ ಬಂಧನ ಬೇರೆ.

1,000 ರೂಪಾಯಿಯ ಸರಕಿನ ಬೆಲೆಯನ್ನು ಮೇಳಕ್ಕೆ ಮುಂಚೆ ಶೇಕಡಾ 40ರಷ್ಟು ಏರಿಸಿದರೆ 1,400 ಆಗುತ್ತದೆ. ಮೇಳದಲ್ಲಿ ಶೇಕಡಾ 30 ಇಳಿಸಿದರೆ 980 ಆಗುತ್ತದೆ. ಫಲಕದಲ್ಲಿ ಶೇಕಡಾ 30, ಕೈಗೆ ದಕ್ಕಿದ್ದು ಶೇಕಡಾ 2.

ಇನ್ನು ‘ವರೆಗೆ’ ಎಂಬ ಪುಟ್ಟ ಪದವಿದೆ. ಶೇಕಡಾ 70 ಎಂಬುದು ಆಳೆತ್ತರದ ಅಕ್ಷರದಲ್ಲಿ, ‘ವರೆಗೆ’ ಎಂಬುದು ಇರುವೆಯಷ್ಟು ಗಾತ್ರದಲ್ಲಿ ಇರುತ್ತದೆ. ಎಲ್ಲೋ ಮೂಲೆಯ ನಾಲ್ಕು ಹಳೆಯ ಅಂಗಿಗಳಿಗೆ ಶೇಕಡಾ 70. ಕಣ್ಣಿಗೆ ಹಿಡಿಸುವ ಸರಕಿಗೆ ಶೇಕಡಾ 10. ವ್ಯಾಕರಣ ಓದಿದವರಿಗೆ ಒಂದು ಪ್ರತ್ಯಯ ಅರ್ಥವನ್ನೇ ತಿರುಗಿಸಬಲ್ಲುದೆಂದು ಗೊತ್ತು. ಪೇಟೆಯವರೂ ಅದನ್ನು ಚೆನ್ನಾಗಿ ಬಲ್ಲರು.

ಬಡ್ಡಿಯಿಲ್ಲದ ಕಂತಿನ ಮಾತೂ ಹೀಗೆಯೇ. ಸಾಲ ಕೊಟ್ಟವನು ಬಡ್ಡಿಯನ್ನು ಎಲ್ಲಿಯೋ ಒಂದೆಡೆ ಪಡೆದೇ ಪಡೆಯುತ್ತಾನೆ. ಸಂಸ್ಕರಣಾ ಶುಲ್ಕವೆಂಬ ಹೆಸರಿನಲ್ಲಿ ಪಡೆಯಬಹುದು, ನಗದಿಗೆ ಕೊಳ್ಳುವವನಿಗೆ ಸಿಗುವ ರಿಯಾಯಿತಿಯನ್ನು ಕಂತಿನವನಿಗೆ ಕೊಡದೆ ಪಡೆಯಬಹುದು. ಶೂನ್ಯ ಬಡ್ಡಿಯೆಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ಬರೆದ ಸುತ್ತೋಲೆಯಲ್ಲಿ ಹೇಳಿದೆ. ಸೀರೆಗೆ ಮರುಳಾಗುವ ಹೆಣ್ಣುಮಕ್ಕಳನ್ನು ಆಡಿಕೊಳ್ಳುವ ಗಂಡಸರು, ದೊಡ್ಡ ಪರದೆಯ ಟಿ.ವಿ., ಹೊಸ ಮೊಬೈಲು, ಮೋಟಾರು ಬೈಕುಗಳನ್ನು ತಾವು ತಂದುದು ಯಾವ ಕಂತಿನಲ್ಲಿ ಎಂಬುದನ್ನು ಒಮ್ಮೆ ನೆನೆದುಕೊಳ್ಳುವುದು ಲೇಸು.

ರೇಷ್ಮೆ ಮತ್ತು ಬಂಗಾರ

ಲಗ್ನದ ಮನೆಗಳಲ್ಲಿ ಹೆಚ್ಚು ಹಣ ಹೋಗುವುದು ಈ ಎರಡಕ್ಕೆ. ಇಲ್ಲಿ ಬೆಲೆಯ ಜೊತೆಗೆ ಸರಕಿನ ಸತ್ಯವನ್ನೂ ನೋಡಬೇಕು. ರೇಷ್ಮೆಸೀರೆಯ ಬೆಲೆ ಅರ್ಧಕ್ಕಿಳಿದಿದೆಯೆಂದರೆ ಅದು ರೇಷ್ಮೆಯೇ ಹೌದೇ ಎಂಬುದು ಮೊದಲ ಪ್ರಶ್ನೆ. ಶುದ್ಧ ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ‘ಸಿಲ್ಕ್ ಮಾರ್ಕ್’ ಎಂಬ ಗುರುತುಚೀಟಿ ಇದೆ. ಕೈಮಗ್ಗದ ಬಟ್ಟೆಗೆ 2006ರಿಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಇದೆ. ಅಂಚಿನಿಂದ ಬಿಡಿಸಿದ ಎಳೆಯೊಂದನ್ನು ಸುಟ್ಟು ನೋಡುವ ಹಳೆಯ ಪರೀಕ್ಷೆಯೂ ಉಂಟು. ರೇಷ್ಮೆಯ ಎಳೆ ಕೂದಲು ಸುಟ್ಟ ವಾಸನೆ ಬೀರಿ ಬೆರಳಿಗೆ ಪುಡಿಯಾಗುವ ಬೂದಿಯಾಗುತ್ತದೆ. ಕೃತಕ ನೂಲು ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಇಳಕಲ್ಲ ಸೀರೆಯಲ್ಲಿ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ಕಸುಬುಗಾರಿಕೆಯೇ ಅದರ ಹಿರಿಮೆ. ಅದನ್ನು ತಿಳಿದವನಿಗೆ ವಿದ್ಯುತ್ ಮಗ್ಗದ ಅನುಕರಣೆಯನ್ನು ಇಳಕಲ್ಲೆಂದು ರಿಯಾಯಿತಿಯಲ್ಲಿ ಮಾರುವುದು ಕಷ್ಟ. ನಮ್ಮ ನೇಕಾರನ ದುಡಿಮೆಗೆ ಸಲ್ಲಬೇಕಾದ ಬೆಲೆಯನ್ನು ಇಂಥ ಸುಳ್ಳು ರಿಯಾಯಿತಿ ಕಸಿದುಕೊಳ್ಳುತ್ತದೆಂಬುದನ್ನೂ ಮರೆಯಬಾರದು.

ಬಂಗಾರದ ಅಂಗಡಿಯಲ್ಲಿ ರಿಯಾಯಿತಿ ಬರುವುದು ಸಾಮಾನ್ಯವಾಗಿ ಮಜೂರಿಯ ಮೇಲೆ. ‘ಮಜೂರಿಯಲ್ಲಿ ಶೇಕಡಾ 50 ರಿಯಾಯಿತಿ’ ಎಂದು ಹೇಳುವ ಅಂಗಡಿಯ ಮಜೂರಿ ಬಂಗಾರದ ಬೆಲೆಯ ಶೇಕಡಾ 24 ಆಗಿದ್ದರೆ, ಅರ್ಧ ಇಳಿದ ಮೇಲೆ 12 ಆಯಿತು. ಎದುರಿನ ಅಂಗಡಿಯವನು ವರ್ಷವಿಡೀ ಶೇಕಡಾ 11ಕ್ಕೆ ಮಾಡಿಕೊಡುತ್ತಿದ್ದರೆ ಫಲಕವಿಲ್ಲದ ಅಂಗಡಿಯೇ ಅಗ್ಗ. ಆದುದರಿಂದ ಬಂಗಾರದ ತೂಕ, ಆ ದಿನದ ಧಾರಣೆ, ಮಜೂರಿ, ವೇಸ್ಟೇಜ್, ಹರಳಿನ ತೂಕ ಮತ್ತು ಬೆಲೆ, ತೆರಿಗೆ ಇವನ್ನು ಬೇರೆ ಬೇರೆಯಾಗಿ ಬರೆಯಿಸಿ, ಕೊನೆಯ ಮೊತ್ತವನ್ನು ಎರಡು ಅಂಗಡಿಗಳಲ್ಲಿ ಹೋಲಿಸಬೇಕು. ಹರಳಿನ ತೂಕವನ್ನು ಬಂಗಾರದ ಧಾರಣೆಯಲ್ಲಿ ಎಣಿಸಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ಹಾಲ್‌ಮಾರ್ಕ್ ಮುದ್ರೆಯು 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಗಿದೆ. 2023ರ ಏಪ್ರಿಲ್‌ನಿಂದ ಅಂಥ ಒಡವೆಯ ಮೇಲೆ ಅಕ್ಷರ ಮತ್ತು ಅಂಕಿಗಳು ಸೇರಿದ ಆರು ಸ್ಥಾನಗಳ ಗುರುತುಸಂಖ್ಯೆಯೂ ಇರಬೇಕು. ಭಾರತೀಯ ಮಾನಕ ಸಂಸ್ಥೆಯ ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿ ಯಾರು ಬೇಕಾದರೂ ಪರೀಕ್ಷಿಸಬಹುದು.

ಅಂಗೈಯಲ್ಲಿ ಅಂಗಡಿ

ಈಗ ಅಂಗಡಿಗೆ ಹೋಗಬೇಕಾದುದೇ ಇಲ್ಲ. ಅಂಗಡಿಯೇ ಅಂಗೈಗೆ ಬಂದಿದೆ. ದಸರೆ ದೀಪಾವಳಿಗಳ ಹೊತ್ತಿಗೆ ಮೊಬೈಲ್ ಅಂಗಡಿಗಳ ಮಹಾ ಮಾರಾಟ ನಡೆಯುತ್ತದೆ. ‘ಇನ್ನು ಎರಡೇ ಉಳಿದಿವೆ’, ‘ಹದಿನಾಲ್ಕು ನಿಮಿಷಗಳಲ್ಲಿ ಮುಗಿಯುತ್ತದೆ’ ಎಂದು ಗಡಿಯಾರವೊಂದು ಓಡುತ್ತಿರುತ್ತದೆ. ಮರುದಿನ ನೋಡಿದರೆ ಅದೇ ಗಡಿಯಾರ, ಅದೇ ಎರಡು. ಕೊನೆಗೆ ಹಣ ಕೊಡುವಾಗ ಕೇಳದೇ ಇದ್ದ ವಿಮೆ, ದಾನ, ಶುಲ್ಕಗಳು ಬುಟ್ಟಿಯಲ್ಲಿ ಸೇರಿಕೊಂಡಿರುತ್ತವೆ. ಬೇಡವೆಂದು ಒತ್ತುವ ಗುಂಡಿಯ ಮೇಲೆ ‘ನನಗೆ ಉಳಿತಾಯ ಬೇಡ’ ಎಂದು ಬರೆದು ನಾಚಿಸುವುದೂ ಉಂಟು.

ಇವು ಆಕಸ್ಮಿಕವಲ್ಲ, ಯೋಜಿತ ತಂತ್ರಗಳು. ಭಾರತ ಸರಕಾರದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ ಇಂಥ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಬುಟ್ಟಿಯಲ್ಲಿ ಕೇಳದ ವಸ್ತು ಸೇರಿಸುವುದು, ಬೆಲೆಯನ್ನು ಹನಿಹನಿಯಾಗಿ ಹೊರಗೆಡಹುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಮೊಬೈಲಿನಲ್ಲಿ ಕೊಳ್ಳುವ ಮಕ್ಕಳು ಮೊಮ್ಮಕ್ಕಳಿಗೆ ಹಿರಿಯರು ಒಂದು ಮಾತು ಹೇಳಬೇಕು: ವಸ್ತುವನ್ನು ಬುಟ್ಟಿಗೆ ಹಾಕು, ಆದರೆ ಒಂದು ರಾತ್ರಿ ಮಲಗಿ ಎದ್ದು ಕೊಳ್ಳು. ಬೆಳಗಾದ ಮೇಲೂ ಬೇಕೆನಿಸಿದರೆ ಅದು ಬೇಕಾದುದೇ.

ಕಾನೂನಿನ ಆಸರೆ

ನಮ್ಮ ದೇಶದಲ್ಲಿ 1986ರಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ ಬಂದಿತು. ಅದರ ಸ್ಥಾನದಲ್ಲಿ 2019ರ ಹೊಸ ಅಧಿನಿಯಮವು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಬೆಲೆಯ ವಿಷಯದಲ್ಲಿ ಜನರನ್ನು ದಾರಿತಪ್ಪಿಸುವುದು, ರಿಯಾಯಿತಿಯೆಂದು ಜಾಹೀರಾತು ಕೊಟ್ಟು ಆ ಬೆಲೆಗೆ ಸಾಕಷ್ಟು ಸರಕನ್ನು ಸಾಕಷ್ಟು ಕಾಲ ಮಾರುವ ಉದ್ದೇಶವೇ ಇಲ್ಲದಿರುವುದು, ಬೆಲೆಯಲ್ಲಿ ಸೇರಿಸಿದುದನ್ನು ಉಚಿತವೆಂದು ಬಿಂಬಿಸುವುದು, ಬಿಲ್ಲು ಕೊಡದಿರುವುದು ಇವೆಲ್ಲ ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಗಳು. ‘ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕ ಮೇಳಗಳಲ್ಲಿ ಸಾಮಾನ್ಯ. ಆದರೆ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅನುಚಿತವೇ ಆಗಿದೆ.

ತೀರ್ಪೊಂದನ್ನು ಇಲ್ಲಿ ನೆನೆಯಬಹುದು. ಶೇಕಡಾ 40 ರಿಯಾಯಿತಿಯೆಂದು ಘೋಷಿಸಿ, ಇಳಿಸಿದ ಬೆಲೆಯ ಮೇಲೆ ಮತ್ತೆ ಮಾರಾಟ ತೆರಿಗೆ ಸೇರಿಸಿ ಹಣ ಪಡೆದ ವ್ಯಾಪಾರ ಸಂಸ್ಥೆಯೊಂದರ ಮೇಲೆ ಗ್ರಾಹಕರು ದೂರು ಕೊಟ್ಟಿದ್ದರು. ಮುದ್ರಿತ ಗರಿಷ್ಠ ಬೆಲೆಯಲ್ಲಿ ತೆರಿಗೆ ಸೇರಿರುವಾಗ ಹೀಗೆ ಮಾಡುವುದು ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2017ರಲ್ಲಿ ಎತ್ತಿಹಿಡಿಯಿತು. ವಿವಾದದ ಮೊತ್ತ ಅಲ್ಪವಾಗಿತ್ತು. ಆದರೆ ಯಾರೋ ಒಬ್ಬರು ಅಲ್ಪವೆಂದು ಬಿಡದಿದ್ದುದರಿಂದ ಎಲ್ಲರಿಗೂ ಉಪಕಾರವಾಯಿತು.

ಮೋಸಹೋದವರು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅದರಿಂದ ಪರಿಹಾರವಾಗದಿದ್ದರೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದೂ ಇಲ್ಲ. ಆದರೆ ಬಿಲ್ಲು ಬೇಕು. ಜಾಹೀರಾತಿನ ತುಣುಕನ್ನೂ ಬೆಲೆಚೀಟಿಯನ್ನೂ ಇಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು.

ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2022ರ ಮೇ 28ರಿಂದ ಒಂದು ನಿಯಮ ಜಾರಿಯಲ್ಲಿದೆ. ರಿಯಾಯಿತಿಯನ್ನು ಘೋಷಿಸುವ ವ್ಯಾಪಾರಿಯು ಅದಕ್ಕೆ ಮುಂಚಿನ ಕನಿಷ್ಠ 30 ದಿನಗಳಲ್ಲಿ ತಾನು ಪಡೆದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ನಮ್ಮಲ್ಲಿ ಹೀಗೆ ದಿನ ಎಣಿಸಿ ಹಿಂದಿನ ಬೆಲೆ ತೋರಿಸಬೇಕೆಂಬ ನಿಯಮವಿಲ್ಲ. ಅಂಥದು ಬರಬೇಕೆಂದು ಗ್ರಾಹಕರು ಒತ್ತಾಯಿಸಬೇಕು. ಬರುವವರೆಗೆ ಹಿಂದಿನ ಬೆಲೆಯ ನೆನಪನ್ನು ಇಟ್ಟುಕೊಳ್ಳಬೇಕಾದವರು ನಾವೇ.

ಅಂಗಡಿಯಲ್ಲಿ ಕುಳಿತವರಿಗೊಂದು ಮಾತು

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಕೊಳ್ಳುವವರಷ್ಟೇ ಅಲ್ಲ, ಮಾರುವವರೂ ಬಹಳ ಮಂದಿ ಇದ್ದಾರೆ. ತಲೆಮಾರುಗಳಿಂದ ಜವಳಿ, ಕಿರಾಣಿ, ಬಂಗಾರದ ವ್ಯಾಪಾರಗಳಲ್ಲಿ ನಮ್ಮ ಸಮಾಜದವರು ಹೆಸರು ಗಳಿಸಿದ್ದಾರೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಗಲ್ಲಾದ ಮುಂದೆ ಕುಳಿತುಕೊಳ್ಳುವವರು ಅವರು. ಹೊರಗಿನವರ ಮೋಸವನ್ನಷ್ಟೇ ಹೇಳಿ, ನಮ್ಮವರ ವಿಷಯದಲ್ಲಿ ಸುಮ್ಮನಿದ್ದರೆ ಈ ಲೇಖನವೂ ಒಂದು ಸುಳ್ಳು ಫಲಕವಾದೀತು.

ವ್ಯಾಪಾರವು ಕಾಯಕವೇ ಹೌದು. ಆದರೆ ಕಾಯಕವಾಗಬೇಕಾದರೆ ಅದರಲ್ಲಿ ಸತ್ಯಶುದ್ಧಿ ಇರಬೇಕು. ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯ ಶರಣರ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಅವರ ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಹೊನ್ನು ಬಂದಾಗ, ಕೊಟ್ಟವರು ಬಸವಣ್ಣನವರೇ ಆಗಿದ್ದರೂ ಚಂದಯ್ಯನವರು ಅದನ್ನು ಒಪ್ಪಲಿಲ್ಲ. ಹಗ್ಗಕ್ಕೆ ತಕ್ಕ ಬೆಲೆ ಬಂದರೆ ಸಾಕೆಂದರು. ಈ ಕಥೆಯ ತಿರುಳೇನು? ಪ್ರತಿಯೊಂದು ಸರಕಿಗೂ ಅದರ ಹಿಂದಿನ ಶ್ರಮಕ್ಕೆ ತಕ್ಕ ಒಂದು ಬೆಲೆಯಿದೆ, ಆ ಬೆಲೆಯಲ್ಲಿ ಸತ್ಯವಿದೆ ಎಂಬುದು. 4,000 ರೂಪಾಯಿಯ ಸರಕಿಗೆ 8,000 ಎಂದು ಬರೆಯುವ ಲೇಖನಿ ಹಣವನ್ನಷ್ಟೇ ಅಲ್ಲ, ಕಾಯಕದ ಮಾತನ್ನೂ ಕೆಡಿಸುತ್ತದೆ. ಹಾಗೆ ಗಳಿಸಿದುದರಲ್ಲಿ ಒಂದು ಪಾಲನ್ನು ಮಠಕ್ಕೆ ತಂದಿತ್ತರೆ ಅದು ದಾಸೋಹವಾಗುವುದಿಲ್ಲ.

ಎದುರಿನ ಅಂಗಡಿಯವನು ಶೇಕಡಾ 50 ಎಂದು ಬರೆಯುವಾಗ ನಾವು ಸುಮ್ಮನಿದ್ದರೆ ಗಿರಾಕಿಗಳು ಬಾರರು ಎಂಬುದು ವ್ಯಾಪಾರಿಗಳ ಅಳಲು. ಇದರಲ್ಲಿ ಸತ್ಯವಿದೆ; ಬಾಡಿಗೆ, ಬಡ್ಡಿ, ನೌಕರರ ಪಗಾರ ಯಾವ ತಿಂಗಳೂ ನಿಲ್ಲುವುದಿಲ್ಲ. ಆದರೂ ಉಪಾಯವಿಲ್ಲದಿಲ್ಲ. ನಿಜವಾಗಿ ಉಳಿದ ಸರಕನ್ನು ಬೇರೆಯಿಟ್ಟು, ಇಳಿಸುವ ಮುನ್ನ ಮಾರುತ್ತಿದ್ದ ಬೆಲೆಯನ್ನೂ ತಿಂಗಳನ್ನೂ ಚೀಟಿಯ ಮೇಲೆ ಬರೆಯಲಿ. ಮಡಿಕೆಯಲ್ಲಿ ಬಣ್ಣ ಮಾಸಿದ್ದರೆ, ನೂಲು ಎದ್ದಿದ್ದರೆ ಅದನ್ನೂ ತಾವೇ ತೋರಿಸಿ ಕೊಡಲಿ. ಮೇಳಕ್ಕೆಂದು ತಂದ ಹೊಸ ಸರಕಿಗೆ ರಿಯಾಯಿತಿಯ ಹೆಸರು ಹಚ್ಚದೆ ಅದರ ಬೆಲೆಗೇ ಮಾರಲಿ. ಫಲಕದ ಹೊಳಪು ಒಂದು ತಿಂಗಳು ಇರುತ್ತದೆ. ‘ಅವರ ಅಂಗಡಿಯ ಬೆಲೆ ಎಂದರೆ ಬೆಲೆ’ ಎಂಬ ಮಾತು ಮೊಮ್ಮಕ್ಕಳ ಕಾಲದವರೆಗೂ ಗಿರಾಕಿಗಳನ್ನು ತರುತ್ತದೆ.

ಮನೆಯ ಲೆಕ್ಕದ ಪುಸ್ತಕ

ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ದಂಪತಿಗಳ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರಲು ಹೇಳಿದರು. ಆ ಅಕ್ಕಿಗೆ ಬೆಲೆಯನ್ನೇ ಕೊಟ್ಟಿರಲಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಶೇಕಡಾ 100 ರಿಯಾಯಿತಿ. ಆದರೂ ಬೇಡವೆಂದರು. ಎಷ್ಟಕ್ಕೆ ಬಂತು ಎಂಬುದಕ್ಕಿಂತ ಎಷ್ಟು ಬೇಕು ಎಂಬುದು ಅವರಿಗೆ ಮೊದಲಿನ ಪ್ರಶ್ನೆಯಾಗಿತ್ತು. ದಿನದ ಅಳತೆ ಆ ತಾಯಿಗೆ ಗೊತ್ತಿದ್ದುದರಿಂದಲೇ ಹೆಚ್ಚಾದುದು ಅವರ ಕಣ್ಣಿಗೆ ಬಿತ್ತು.

ಈ ಅಳತೆಯನ್ನು ನಮ್ಮ ಮನೆಗಳಲ್ಲಿ ಮತ್ತೆ ನೆಲೆಗೊಳಿಸಬೇಕು. ಅದಕ್ಕೆ ದೊಡ್ಡ ಸಾಧನೆ ಬೇಡ, ಇಪ್ಪತ್ತು ರೂಪಾಯಿಯ ನೋಟುಪುಸ್ತಕ ಸಾಕು. ಅದರಲ್ಲಿ ಎರಡು ಪಟ್ಟಿಗಳಿರಲಿ. ಒಂದು, ಈ ವರ್ಷ ಮನೆಗೆ ಬೇಕಾದುವುಗಳ ಪಟ್ಟಿ; ಯಾವ ಮೇಳವೂ ಇಲ್ಲದ ದಿನಗಳಲ್ಲಿ, ಮನೆಮಂದಿಯೆಲ್ಲ ಕುಳಿತು ಬರೆದುದಾಗಿರಬೇಕು. ಇನ್ನೊಂದು, ಬೆಲೆಗಳ ಪಟ್ಟಿ. ಯಾವ ಸರಕು, ಯಾವ ಅಂಗಡಿ, ಯಾವ ತಿಂಗಳು, ಕೊಟ್ಟ ಹಣ ಎಷ್ಟು ಎಂದು. ಬಿಲ್ಲುಗಳನ್ನು ಅದರ ನಡುವೆ ಇಟ್ಟುಕೊಳ್ಳಿರಿ. ಆಷಾಢ ಬಂದಾಗ ಈ ಪುಸ್ತಕವನ್ನು ಕೈಯಲ್ಲಿ ಹಿಡಿದು ಪೇಟೆಗೆ ಹೋಗಿರಿ. ಮೊದಲ ಪಟ್ಟಿಯಲ್ಲಿ ಇಲ್ಲದುದನ್ನು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿರಿ. ಪಟ್ಟಿಯಲ್ಲಿರುವುದನ್ನು, ಚೀಟಿಯ ಗೆರೆಯೆಳೆದ ಬೆಲೆಯೊಂದಿಗೆ ಹೋಲಿಸದೆ, ಎರಡನೆಯ ಪಟ್ಟಿಯ ಬೆಲೆಯೊಂದಿಗೆ ಹೋಲಿಸಿ ಕೊಳ್ಳಿರಿ. ಸಾಲ ಮಾಡಿ ರಿಯಾಯಿತಿ ಪಡೆಯಬೇಡಿರಿ. ಬಡ್ಡಿಯು ರಿಯಾಯಿತಿಯನ್ನು ನುಂಗಿ ಇನ್ನಷ್ಟು ಕೇಳುತ್ತದೆ.

ಹೀಗೆ ಕೊಂಡ ಮೇಲೆ ನಿಜವಾಗಿ ಉಳಿದ ಹಣ ಎಷ್ಟೇ ಇರಲಿ, ನೂರಾಗಲಿ ಇನ್ನೂರಾಗಲಿ, ಅದನ್ನು ಅಂದೇ ಬೇರೆ ತೆಗೆದಿಡಿರಿ. ಮಕ್ಕಳ ಓದಿಗೋ ದಾಸೋಹಕ್ಕೋ ಅದು ಸಲ್ಲಲಿ. ಉಳಿತಾಯವೆಂದರೆ ಕೈಯಲ್ಲಿ ಎಣಿಸಿ ತೋರಿಸಬಹುದಾದುದು. ಚೀಟಿಯ ಮೇಲೆ ಮಾತ್ರ ಕಾಣುವ ಉಳಿತಾಯವು ಅಂಗಡಿಯವನದು, ಮನೆಯದಲ್ಲ.